ಫೈಲಿನ ಹೆಸರು ಗೊತ್ತಿದ್ದರೆ ಸಾಕಲ್ವಾ? ಗ್ರಿಡ್‌ನಲ್ಲಿ ಡೇಟಾ ಹುಡುಕುವ ಬಗೆ

ಪ್ರಶ್ನೆ: ನಾನು ಮಂಡ್ಯದಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೇನೆ. ಕಾವೇರಿ ಕಡೆಯ ಮಳೆ ಮೇಲೆ ಪ್ರಾಜೆಕ್ಟ್. ಹವಾಮಾನ ಮಾದರಿಗಳ ಡೇಟಾ ಗ್ರಿಡ್‌ನಲ್ಲಿ ಸಿಗುತ್ತೆ ಅಂತ ಗೈಡ್ ಹೇಳಿದರು. ಅದು ಎಷ್ಟೋ ದೇಶಗಳಲ್ಲಿ ಚೆದುರಿಕೊಂಡಿದೆಯಂತೆ. ಫೈಲಿನ ಹೆಸರು ಕೊಟ್ಟು ಹುಡುಕಿದರೆ ಸಾಕಲ್ವಾ ಸರ್? ನಡುವೆ ಈ ಮೆಟಾಡೇಟಾ ಯಾಕೆ?

ಉತ್ತರ: ಈ ಪ್ರಶ್ನೆ ನನಗೆ ತುಂಬ ಸಲ ಬಂದಿದೆ. ನೀವು ಮಂಡ್ಯದವರಾದ್ದರಿಂದ ಒಂದು ಸಂಖ್ಯೆಯಿಂದ ಶುರು ಮಾಡುತ್ತೇನೆ. 124.80.

ನಿಮ್ಮೂರಿನಲ್ಲಿ ಇದನ್ನು ಯಾರ ಮುಂದೆ ಹೇಳಿದರೂ ‘ಕಟ್ಟೆ ತುಂಬ್ತು’ ಅನ್ನುತ್ತಾರೆ. ಇದು ಕೆಆರ್‌ಎಸ್‌ನ ಗರಿಷ್ಠ ಮಟ್ಟ, ಅಡಿ ಲೆಕ್ಕ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದೇ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದು ಜರ್ಮನಿಯ ಹ್ಯಾಂಬರ್ಗ್‌ಗೆ ಕಳಿಸಿ ನೋಡಿ. ಅಲ್ಲಿಯವರಿಗೆ ತಲೆಬುಡ ಗೊತ್ತಾಗಲ್ಲ. ಮೀಟರಿನಲ್ಲಿ ಬರೆದರೆ ಅದೇ ಮಟ್ಟ 38.04 ಆಗಿಬಿಡುತ್ತದೆ. ಯಾವ ಅಣೆಕಟ್ಟು, ಯಾವ ದಿನ, ಯಾವ ಅಳತೆ, ಅಳೆದವರು ಯಾರು ಎನ್ನುವ ವಿವರ ಇದೆಯಲ್ಲ, ಅದೇ ಮೆಟಾಡೇಟಾ. ಊರಿನಲ್ಲಿ ಅದು ಜನರ ಬಾಯಲ್ಲೇ ಇರುತ್ತೆ. ಹ್ಯಾಂಬರ್ಗ್‌ಗೆ ಹೋಗಬೇಕಾದರೆ ಬರೆದು ಜೊತೆಗೆ ಕಳಿಸಬೇಕು.

ಇನ್ನು ಗ್ರಿಡ್ ವಿಷಯ. ಬೇರೆ ಬೇರೆ ಸಂಸ್ಥೆಗಳು ತಮ್ಮ ತಮ್ಮ ಕಂಪ್ಯೂಟರು, ಡಿಸ್ಕುಗಳನ್ನು ನೆಟ್‌ವರ್ಕಿನಲ್ಲಿ ಜೋಡಿಸಿಕೊಂಡು ಹಂಚಿಕೊಳ್ಳುವ ವ್ಯವಸ್ಥೆ ಅದು. ಒಬ್ಬನೇ ಯಜಮಾನ ಅಂತ ಇರುವುದಿಲ್ಲ. ಪ್ರತಿ ಕೇಂದ್ರಕ್ಕೂ ಅದರದೇ ಡಿಸ್ಕು, ಅದರದೇ ನಿಯಮ. ಎಲ್ಲ ಡಿಸ್ಕುಗಳನ್ನೂ ಜಾಲಾಡಿ ಒಂದು ಫೈಲ್ ಹುಡುಕುವುದು ಆಗದ ಮಾತು. ಹುಡುಕಾಟ ನಡೆಯುವುದು ಕ್ಯಾಟಲಾಗಿನಲ್ಲಿ, ಅಂದರೆ ಯಾವ ಫೈಲಿನಲ್ಲಿ ಏನಿದೆ, ಅದು ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿಯಲ್ಲಿ.

ನಿಮ್ಮ ಗೈಡ್ ಹೇಳಿದ್ದು ಬಹುಶಃ ಅರ್ಥ್ ಸಿಸ್ಟಂ ಗ್ರಿಡ್ ಫೆಡರೇಶನ್ ಬಗ್ಗೆ. ಹವಾಮಾನ ಮಾದರಿಗಳು, ಅಂದರೆ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮುಗಳು, ಕೊಟ್ಟ ಬಹಳಷ್ಟು ಫಲಿತಾಂಶಗಳು ಅಲ್ಲಿ ಸಿಗುತ್ತವೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಲ್ಯಾಬ್, ಹ್ಯಾಂಬರ್ಗ್‌ನ ಹವಾಮಾನ ಕಂಪ್ಯೂಟಿಂಗ್ ಕೇಂದ್ರದಂಥ ಕಡೆ ಫೈಲುಗಳಿವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮಾದರಿಯೂ ಇದೆ. ಅಲ್ಲಿ ನೀವು ಫೈಲಿನ ಹೆಸರು ಟೈಪ್ ಮಾಡುವುದೇ ಇಲ್ಲ. ಯಾವ ಮಾದರಿ, ಯಾವ ಪ್ರಯೋಗ, ಮಳೆಯೋ ಉಷ್ಣಾಂಶವೋ, ದಿನದ ಲೆಕ್ಕವೋ ತಿಂಗಳ ಲೆಕ್ಕವೋ ಅಂತ ಒಂದೊಂದೇ ಆರಿಸುತ್ತಾ ಹೋಗುತ್ತೀರಿ. ಪಟ್ಟಿ ಚಿಕ್ಕದಾಗುತ್ತಾ ಬರುತ್ತೆ. ಹೀಗೆ ಸೋಸಲು ಆಗುವುದು ಡೇಟಾ ಹಾಕಿದವರು ಆ ವಿವರಗಳನ್ನೆಲ್ಲ ಒಪ್ಪಿದ ಪದಗಳಲ್ಲೇ ಬರೆದಿದ್ದರಿಂದ. ಒಬ್ಬರು ‘ಮಳೆ’ ಅಂತ, ಇನ್ನೊಬ್ಬರು ‘ವರ್ಷಧಾರೆ’ ಅಂತ ಬರೆದಿದ್ದರೆ ಅರ್ಧ ಫೈಲುಗಳು ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಫೈಲ್ ಇಳಿಸಿದ ಮೇಲೂ ಮೆಟಾಡೇಟಾ ಕೆಲಸ ಮುಗಿಯಲ್ಲ. ಮಳೆಯ ಜಾಗದಲ್ಲಿ 0.00005 ಥರದ ಸಂಖ್ಯೆಗಳು ಕಾಣುತ್ತವೆ. ಮಳೆನೇ ಇಲ್ಲ ಅಂದುಕೊಳ್ಳಬೇಡಿ. ಫೈಲಿನ ತಲೆಭಾಗ ತೆಗೆದು ಓದಿ. ಅಳತೆ: ಒಂದು ಚದರ ಮೀಟರಿಗೆ, ಒಂದು ಸೆಕೆಂಡಿಗೆ ಇಷ್ಟು ಕೆಜಿ ನೀರು. ಒಂದು ಚದರ ಮೀಟರಿನಲ್ಲಿ ಒಂದು ಕೆಜಿ ನೀರು ಹರಡಿದರೆ ಒಂದು ಮಿಲಿಮೀಟರ್ ನಿಲ್ಲುತ್ತದೆ. ದಿನಕ್ಕೆ 86,400 ಸೆಕೆಂಡು. ಗುಣಿಸಿ: 4.32 ಮಿಲಿಮೀಟರ್. ಜಿಟಿಜಿಟಿ ಹಿಡಿದ ಒಂದು ದಿನದ ಮಳೆ ಅದು! ಅಲ್ಲೇ ‘ಕ್ಯಾಲೆಂಡರ್’ ಅನ್ನುವ ಸಾಲನ್ನೂ ನೋಡಿ. ಬ್ರಿಟನ್ನಿನ ಕೆಲವು ಮಾದರಿಗಳಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ವರ್ಷಕ್ಕೆ 360. ಅವುಗಳಲ್ಲಿ ಫೆಬ್ರವರಿ 30 ಅನ್ನೋ ತಾರೀಖು ಇರುತ್ತೆ. ಇದು ಗೊತ್ತಿಲ್ಲದೆ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಮುಂಗಾರಿನ ಲೆಕ್ಕ ಜಾರುತ್ತಾ ಹೋಗುತ್ತದೆ.

ಈಗ ಹೆಸರಿನ ಮಾತು. ನೀವು ಕೇಳಿದ್ದರಲ್ಲಿ ಒಂದು ಒಳ್ಳೆಯ ಅಂಶ ಇದೆ. ಹೆಸರು ಬೇಕೇ ಬೇಕು, ಆದರೆ ಆ ಹೆಸರಿನಲ್ಲಿ ಜಾಗ ಸೇರಿರಬಾರದು. ಕುವೆಂಪುನಗರದಿಂದ ವಿಜಯನಗರಕ್ಕೆ ಮನೆ ಬದಲಿಸಿದರೂ ನಿಮ್ಮ ಮೊಬೈಲ್ ನಂಬರ್ ಅದೇ ಇರುತ್ತೆ ಅಲ್ವಾ? ಗ್ರಿಡ್‌ನಲ್ಲಿ ಫೈಲಿಗೂ ಹಾಗೇ ಒಂದು ಖಾಯಂ ಹೆಸರು ಇರುತ್ತದೆ. ಅದರ ಪ್ರತಿಗಳು ಸದ್ಯ ಎಲ್ಲೆಲ್ಲಿವೆ ಅನ್ನುವುದನ್ನು ಕ್ಯಾಟಲಾಗ್ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಹಿಂದೆ ಒಂದು ಲ್ಯಾಬಿನ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಕಂಪ್ಯೂಟರುಗಳ ಗುಂಪು) ನೋಡಿಕೊಳ್ಳುತ್ತಿದ್ದೆ. ಎಲ್ಲ ಪ್ರೋಗ್ರಾಮುಗಳಲ್ಲೂ ಡಿಸ್ಕಿನ ಪೂರ್ತಿ ವಿಳಾಸವನ್ನೇ ಬರೆದಿದ್ದೆವು. ಡಿಸ್ಕ್ ಹಳೆಯದಾಯಿತು ಅಂತ ಹೊಸದು ಹಾಕಿದ ದಿನ ಒಂದು ಪ್ರೋಗ್ರಾಮೂ ಓಡಲಿಲ್ಲ. ಫೈಲುಗಳೆಲ್ಲ ಕ್ಷೇಮವಾಗಿದ್ದವು, ಯಾರ ಕೈಗೂ ಸಿಗುತ್ತಿರಲಿಲ್ಲ. ವಿಳಾಸಗಳನ್ನು ತಿದ್ದಲು ಎರಡು ವಾರ ಹಿಡಿಯಿತು.

ಈ ಕೆಲಸವನ್ನು ಭಾರೀ ಮಟ್ಟದಲ್ಲಿ ನೋಡಬೇಕು ಅಂದರೆ ಜಿನೀವಾದ ಸರ್ನ್ ಅನ್ನುವ ಕಣ ಭೌತವಿಜ್ಞಾನ ಪ್ರಯೋಗಾಲಯದ ಗ್ರಿಡ್ ನೋಡಬೇಕು. ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಅದರಲ್ಲಿವೆ. ನಮ್ಮ ಮುಂಬೈ, ಕೋಲ್ಕತ್ತಾ ಕೇಂದ್ರಗಳೂ ಇವೆ. ಅಲ್ಲಿಯ ಅಟ್ಲಾಸ್ ಪ್ರಯೋಗದವರು ರುಸಿಯೋ ಅನ್ನುವ ತಂತ್ರಾಂಶ ಕಟ್ಟಿದರು. ಅದಕ್ಕೆ ‘ಈ ಫೈಲನ್ನು ಆ ಕೇಂದ್ರಕ್ಕೆ ಕಾಪಿ ಮಾಡು’ ಅಂತ ಹೇಳುವ ಬದಲು ಒಂದು ನಿಯಮ ಕೊಡುತ್ತಾರೆ: ಈ ಡೇಟಾಗೆ ಎರಡು ಪ್ರತಿ ಇರಲಿ, ಒಂದು ಟೇಪಿನಲ್ಲಿ, ಇಷ್ಟು ತಿಂಗಳು. ಉಳಿದದ್ದನ್ನು ಅದೇ ನೋಡಿಕೊಳ್ಳುತ್ತೆ. ಯಾವ ನಿಯಮವೂ ಕಾಯದ ಪ್ರತಿಯನ್ನು ಅಳಿಸಿ ಜಾಗ ಬಿಡಿಸಿಕೊಳ್ಳಬಹುದು. ಸಾಧ್ಯವಾದ ಕಡೆ ಡೇಟಾವನ್ನು ಪ್ರೋಗ್ರಾಮಿನ ಹತ್ತಿರಕ್ಕೆ ಎಳೆಯುವುದಿಲ್ಲ, ಡೇಟಾ ಇರುವ ಕೇಂದ್ರಕ್ಕೇ ಪ್ರೋಗ್ರಾಮನ್ನು ಕಳಿಸುತ್ತಾರೆ. ಪ್ರತಿ ಎಲ್ಲಿದೆ ಅಂತ ಕ್ಯಾಟಲಾಗ್ ಸರಿಯಾಗಿ ಹೇಳಿದರೆ ಮಾತ್ರ ಇದು ನಡೆಯುವ ಮಾತು.

ಆದರೆ ಕ್ಯಾಟಲಾಗೂ ತಪ್ಪುತ್ತದೆ. ಡಿಸ್ಕ್ ಕೆಟ್ಟು ಫೈಲ್ ಹೋಗಿರುತ್ತೆ, ಪಟ್ಟಿಯಲ್ಲಿ ಮಾತ್ರ ಉಳಿದಿರುತ್ತೆ. ಇದರ ಉಲ್ಟಾನೂ ಆಗುತ್ತೆ: ಅಳಿಸುವಾಗ ಎಡವಟ್ಟಾಗಿ ಪಟ್ಟಿಯಿಂದ ಹೋಯಿತು, ಡಿಸ್ಕಿನಲ್ಲಿ ಹಾಗೇ ಕೂತಿದೆ. ಇದಕ್ಕೆ ‘ಡಾರ್ಕ್ ಡೇಟಾ’ ಅನ್ನುತ್ತಾರೆ. ಜಾಗ ತಿನ್ನುತ್ತೆ, ಯಾರಿಗೂ ಸಿಗಲ್ಲ. ನನಗೆ ತುಂಬ ಬೇಸರ ತರಿಸುವುದು ಇದೇ, ಯಾಕಂದರೆ ಅದರ ಹಿಂದೆ ಯಾರದೋ ತಿಂಗಳುಗಟ್ಟಲೆಯ ದುಡಿಮೆ ಇರಬಹುದು. ಹಾಗಾಗಿ ಡಿಸ್ಕಿನ ಪಟ್ಟಿಯನ್ನೂ ಕ್ಯಾಟಲಾಗನ್ನೂ ಆಗಾಗ ಎದುರುಬದುರು ಇಟ್ಟು ತಾಳೆ ನೋಡುತ್ತಾರೆ.

ನೀವು ಫೈಲ್ ಇಳಿಸಿದಾಗಲೂ ತಾಳೆ ನೋಡಿ. ಹಾಸ್ಟೆಲ್ ವೈಫೈ ಮಧ್ಯದಲ್ಲಿ ಕೈಕೊಟ್ಟರೆ ಅರ್ಧಂಬರ್ಧ ಫೈಲ್ ಬಂದಿರುತ್ತೆ. ಚೆಕ್‌ಸಮ್ ಅಂದರೆ ಫೈಲಿನೊಳಗಿನ ಡೇಟಾದಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತಿನ ಸಂಕೇತ. ಕ್ಯಾಟಲಾಗಿನಲ್ಲಿ ಕೊಟ್ಟಿರುವ ಚೆಕ್‌ಸಮ್‌ಗೂ ನಿಮ್ಮ ಫೈಲಿನ ಚೆಕ್‌ಸಮ್‌ಗೂ ಒಂದು ಅಕ್ಷರ ವ್ಯತ್ಯಾಸ ಬಂದರೂ ಮತ್ತೆ ಇಳಿಸಿ. ಹಾಗೇ ಅದು ಇತ್ತೀಚಿನ ಆವೃತ್ತಿಯೋ ಅಲ್ಲವೋ ನೋಡಿಕೊಳ್ಳಿ. ತಪ್ಪು ಕಂಡ ಡೇಟಾವನ್ನು ಹಾಕಿದವರೇ ವಾಪಸ್ ತೆಗೆದುಕೊಳ್ಳುವುದುಂಟು.

ಕೊನೆಯದಾಗಿ, ನೀವೇ ಗದ್ದೆ ಬದಿಯ ಮಳೆಮಾಪಕದಿಂದ ಬರೆದುಕೊಳ್ಳುವ ಡೇಟಾ. ನಮ್ಮಲ್ಲಿ ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8:30ಕ್ಕೆ ಮಳೆ ಅಳೆಯುತ್ತಾರೆ, ಅಲ್ಲಿಯವರೆಗಿನ 24 ಗಂಟೆಯ ಮಳೆಯನ್ನು ಆ ದಿನದ ಲೆಕ್ಕಕ್ಕೆ ಹಾಕುತ್ತಾರೆ. ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ಖಾತೆಗೆ ಹೋಗುತ್ತದೆ. ನಿಮ್ಮ ಎಕ್ಸೆಲ್ ಶೀಟಿನಲ್ಲಿ ಇದು ಎಲ್ಲಿಯಾದರೂ ಬರೆದಿದೆಯಾ? ಇಲ್ಲದಿದ್ದರೆ ಇವತ್ತೇ ಮೊದಲ ಸಾಲಿನಲ್ಲಿ ಬರೆದುಬಿಡಿ: ಯಾವ ಊರು, ಯಾವ ಮಾಪಕ, ಮಿಲಿಮೀಟರ್, ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆ.