ನೆತ್ತಿಗೆ ಹತ್ತದ ಮದ್ದು

ಮೇಷ್ಟ್ರು ಜೇಬಿನಿಂದ ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಜೇಷ್ಠಮಧುವಿನ ತುಂಡುಗಳು, ಕಲ್ಲುಸಕ್ಕರೆ, ಏಳೆಂಟು ಕಾಳುಮೆಣಸು. "ನಾಲ್ಕು ತಿಂಗಳಿನಿಂದ ಒಂದು ದಿನವೂ ತಪ್ಪಿಸಿಲ್ಲ ಡಾಕ್ಟರೇ. ಬೆಳಿಗ್ಗೆ, ಸಂಜೆ ಉಪ್ಪುನೀರೂ ಮುಕ್ಕಳಿಸುತ್ತೇನೆ. ಆದರೂ ಸ್ವರ ಏಳುತ್ತಿಲ್ಲ" ಎಂದರು. ಅಷ್ಟು ಹೇಳುವುದರೊಳಗೆ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡರು. ಸೀಳಿದ ಬಿದಿರಿನಲ್ಲಿ ಗಾಳಿ ನುಗ್ಗಿದಂಥ ದನಿ.

ನಾಲ್ಕು ತಿಂಗಳು! ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಿವಿ, ಮೂಗು, ಗಂಟಲು ನೋಡುತ್ತಾ ಬಂದಿದ್ದೇನೆ. ಈ ಡಬ್ಬಿಯ ಯಾವುದಾದರೊಂದು ಅವತಾರವನ್ನು ಕಾಣದ ವಾರವಿಲ್ಲ. ಒಬ್ಬರದು ಶುಂಠಿ, ಒಬ್ಬರದು ಜೇನುತುಪ್ಪ, ಇನ್ನೊಬ್ಬರದು ಅಂಗಡಿಯ ಪುದೀನ ಗುಳಿಗೆ. ಎಲ್ಲರ ನಂಬಿಕೆಯೂ ಒಂದೇ: ದನಿ ಬಿದ್ದಿರುವುದು ಗಂಟಲಲ್ಲಿ, ಮದ್ದು ಇಳಿಯುವುದೂ ಗಂಟಲಲ್ಲಿ, ಹಾಗಾದರೆ ಹೋಗುತ್ತಾ ಅದನ್ನು ಸವರಿಕೊಂಡೇ ಹೋಗುತ್ತದೆ.

ಸವರುವುದಿಲ್ಲ. ದಯವಿಟ್ಟು ಇದನ್ನು ಮನಸ್ಸಿಗೆ ತೆಗೆದುಕೊಳ್ಳಿ. ನೀವು ನುಂಗಿದ, ಚಪ್ಪರಿಸಿದ, ಮುಕ್ಕಳಿಸಿದ ಯಾವ ವಸ್ತುವೂ ನಿಮ್ಮ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಬಾರದು ಎಂದೇ ಆ ಜಾಗದ ಕಟ್ಟಡವಿದೆ.

ತಪ್ಪು ಜನರದ್ದಲ್ಲ, ನಮ್ಮ ಮಾತಿನದು. ಅನ್ನ ಸಿಕ್ಕಿಕೊಳ್ಳುವುದೂ ಗಂಟಲಲ್ಲಿ, ಹಾಡು ಬರುವುದೂ ಗಂಟಲಿಂದ. ಕತ್ತಿನೊಳಗೆ ಇವೆರಡು ಬೇರೆ ಬೇರೆ ದಾರಿಗಳು. ಮುಂದಿನದು ಗಾಳಿಯ ದಾರಿ, ಅದರ ಬಾಗಿಲಲ್ಲೇ ಧ್ವನಿಪೆಟ್ಟಿಗೆ. ಹಿಂದಿನದು ಅನ್ನನಾಳ. ಕನ್ನಡಿಯ ಮುಂದೆ ನಿಂತು ಎಂಜಲು ನುಂಗಿ ನೋಡಿ. ಕತ್ತಿನ ಮುಂಭಾಗದ ಗಟ್ಟಿ ಉಬ್ಬು, ಗಂಡಸರಲ್ಲಿ ಎದ್ದು ಕಾಣುತ್ತದೆ, ಸರಕ್ಕನೆ ಮೇಲೆ ಹೋಗಿ ಇಳಿಯುತ್ತದೆ. ಹೋದದ್ದು ಧ್ವನಿಪೆಟ್ಟಿಗೆಯೇ. ತುತ್ತು ಬರುತ್ತಿದ್ದಂತೆ ಅದು ಮೇಲಕ್ಕೂ ಮುಂದಕ್ಕೂ ಸರಿದು ನಾಲಿಗೆಯ ಬುಡದ ಕೆಳಗೆ ಅಡಗುತ್ತದೆ. ಎಲೆಯಂಥ ಮುಚ್ಚಳವೊಂದು ಅದರ ಮೇಲೆ ಮಗುಚಿಕೊಳ್ಳುತ್ತದೆ. ಒಳಗೆ ಎರಡು ಧ್ವನಿತಂತುಗಳೂ ಒಂದಕ್ಕೊಂದು ಒತ್ತಿಕೊಂಡು ಕದ ಹಾಕುತ್ತವೆ. ಆ ಕ್ಷಣ ಉಸಿರೂ ನಿಲ್ಲುತ್ತದೆ. ನಿಮ್ಮ ಜೇನು, ಕಷಾಯಗಳೆಲ್ಲ ಪೆಟ್ಟಿಗೆಯ ಎಡಬಲದ ಎರಡು ಕಾಲುವೆಗಳಲ್ಲಿ ಹರಿದು ಹಿಂದಿನ ನಾಳಕ್ಕೆ ಬೀಳುತ್ತವೆ.

ಮುಕ್ಕಳಿಸುವುದಂತೂ ಇನ್ನೂ ಮೇಲೆಯೇ ನಿಂತುಬಿಡುತ್ತದೆ. ಗಳಗಳ ಎಂದು ಸದ್ದು ಬರುತ್ತದಲ್ಲ, ಅದು ಕೆಳಗಿನಿಂದ ಬರುವ ಗಾಳಿ ನೀರನ್ನು ತಡೆದು ಕುದಿಸುವ ಸದ್ದು. ಅಂದರೆ ಧ್ವನಿಪೆಟ್ಟಿಗೆ ನಿಮ್ಮ ಉಪ್ಪುನೀರನ್ನು ಊದಿ ಆಚೆ ಇಟ್ಟಿದೆ.

ಇಷ್ಟಾದರೂ ನಂಬದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಮದ್ದು ಕುಡಿದಾಗ ನೆತ್ತಿಗೆ ಹತ್ತಿತೇ? ಊಟದ ನಡುವೆ ಮಾತಾಡಿ, ಒಂದು ಹನಿ ಸಾರು ತಪ್ಪು ದಾರಿ ಹಿಡಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು, ಅಮ್ಮ ನೆತ್ತಿ ತಟ್ಟುತ್ತಾ "ಯಾರೋ ನೆನೆಸಿಕೊಳ್ಳುತ್ತಿದ್ದಾರೆ" ಎನ್ನುವುದು. ಸಾರು ನೆತ್ತಿಗೆ ಹೋಗಿರುವುದಿಲ್ಲ, ಧ್ವನಿಪೆಟ್ಟಿಗೆಯ ಬಾಗಿಲಿಗೆ ತಗುಲಿರುತ್ತದೆ. ಒಂದು ಹನಿಗೆ ಇಷ್ಟು ರಂಪ. ಕಾಳುಮೆಣಸಿನ ಕಷಾಯ ನಿಜವಾಗಿಯೂ ಧ್ವನಿತಂತು ಮುಟ್ಟಿದ್ದರೆ ನೀವು ಲೋಟ ಮುಗಿಸುತ್ತಲೇ ಇರಲಿಲ್ಲ.

ಮನೆಮದ್ದಿನ ಮೇಲೆ ನನಗೆ ಹಗೆಯಿಲ್ಲ. ಚಪ್ಪರಿಸಿದರೆ ಎಂಜಲೂರುತ್ತದೆ, ಕೆರೆತ ತಗ್ಗುತ್ತದೆ, ಬಿಸಿ ಕಷಾಯ ಹಿತವೇ. ನೀರು ಚೆನ್ನಾಗಿ ಕುಡಿದರೆ ಧ್ವನಿತಂತುಗಳಿಗೂ ಒಳ್ಳೆಯದು, ಆದರೆ ಹೊಟ್ಟೆಗಿಳಿದು ರಕ್ತ ಸೇರಿ ಸುತ್ತಿ ಬಂದು. ಹಬೆಯೊಂದು ಮಾತ್ರ ಗಾಳಿಯ ದಾರಿಯಲ್ಲೇ ಹೋಗುತ್ತದೆ. ಕೆಲವರಿಗೆ ಆರಾಮವೆನಿಸುತ್ತದೆ, ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲಾರೆ. ಶೀತದಿಂದ ಕಟ್ಟಿದ ದನಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಬಿಡುತ್ತದೆ. ಹೆಸರು ಮಾತ್ರ ಕಷಾಯಕ್ಕೆ. ಹಾಗೆ ಗಳಿಸಿದ ಹೆಸರೇ ಮುಂದೆ ಯಾರನ್ನೋ ನಾಲ್ಕು ತಿಂಗಳು ಮನೆಯಲ್ಲಿ ಕೂರಿಸುತ್ತದೆ.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಗಂಟಲೊಳಗೆ ಇಳಿಸಿ ನೋಡುವ ದುರ್ಬೀನು (ಎಂಡೋಸ್ಕೋಪ್) ಇದ್ದರೂ ಮೊದಲು ಹಳೆಯ ಕನ್ನಡಿಯಲ್ಲೇ ಇಣುಕುವುದು ನನ್ನ ಅಭ್ಯಾಸ. ಜೀವಂತ ಮನುಷ್ಯನ ಧ್ವನಿತಂತು ಆಡುವುದನ್ನು ಹೀಗೆ ಕನ್ನಡಿಯಲ್ಲಿ ನೋಡುವ ದಾರಿ ತೋರಿಸಿದವನು ವೈದ್ಯನಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನದೇ ಬಾಯಿಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ ತನ್ನ ದನಿಯ ಮೂಲವನ್ನು ತಾನೇ ಕಂಡ. ಆತನೂ ಮೇಷ್ಟ್ರೇ ಎಂದಾಗ ನಮ್ಮ ಮೇಷ್ಟ್ರ ಮುಖ ಸ್ವಲ್ಪ ಅರಳಿತು. ನಾಲಿಗೆಯನ್ನು ಬಟ್ಟೆಯಿಂದ ಹಿಡಿದು, ಹಬೆ ಕೂರದಂತೆ ಕನ್ನಡಿಯನ್ನು ಬೆಚ್ಚಗೆ ಮಾಡಿ, ನನ್ನ ಮುಂಗೈಗೆ ತಾಗಿಸಿ ನೋಡಿಕೊಂಡು, ಕಿರುನಾಲಿಗೆಯನ್ನು ಮೇಲಕ್ಕೆತ್ತಿ ಹಿಡಿದೆ. "ಈ... ಎನ್ನಿ ಮೇಷ್ಟ್ರೇ."

ಎಳನೀರಿನ ಗಂಜಿಯಂಥ ಬಿಳುಪಿನ ಎರಡು ಪಟ್ಟಿಗಳು ಹತ್ತಿರ ಬಂದವು. ಎರಡೂ ಚೆನ್ನಾಗಿಯೇ ಆಡುತ್ತಿದ್ದವು. ಬಲಗಡೆಯದರ ಅಂಚಿನಲ್ಲಿ ಮಾತ್ರ ಎರಡು ಮೂರು ರಾಗಿ ಕಾಳು ಅಂಟಿಸಿದಂತೆ ಒರಟು.

ಗಂಡಸಿನ ಧ್ವನಿತಂತು ಸುಮಾರು ಎರಡು ಸೆಂಟಿಮೀಟರ್ ಉದ್ದ. ಮಾತಾಡುವಾಗ ಎರಡರ ಅಂಚುಗಳೂ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕೂಡಿ ಬಿಡುತ್ತವೆ; ಹೆಂಗಸರಲ್ಲಿ ಇನ್ನೂರರ ಆಸುಪಾಸು. ನಡುವೆ ರಾಗಿ ಕಾಳಿನಷ್ಟು ಗಂಟಿದ್ದರೂ ಅಂಚು ಕೂಡುವುದಿಲ್ಲ, ಗಾಳಿ ಸೋರುತ್ತದೆ, ದನಿ ಒಡೆಯುತ್ತದೆ. ಹೊಟ್ಟೆಯೊಳಗಾದರೆ ಇಷ್ಟು ಸಣ್ಣ ಗಡ್ಡೆ ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರಬಹುದು. ಇಲ್ಲಿ ಹಾಗಲ್ಲ, ಮೊದಲ ದಿನಗಳಲ್ಲೇ ದನಿ ದೂರು ಕೊಡುತ್ತದೆ. ನೋವು ಮಾತ್ರ ಇರುವುದಿಲ್ಲ. ಮೇಷ್ಟ್ರ ಹೆಂಡತಿ ಹೇಳಿದ್ದೂ ಅದನ್ನೇ: "ಇವರಿಗೆ ನೋವಿಲ್ಲ, ಜ್ವರವಿಲ್ಲ, ಊಟವೂ ಸೇರುತ್ತದೆ. ಅದಕ್ಕೇ ಬರಲಿಲ್ಲ." ಆಮೇಲೆ ಗಂಡನ ಮುಖ ನೋಡದೆ ಸೇರಿಸಿದರು: "ಬೀಡಿ ಬಿಟ್ಟು ಮೂರು ವರ್ಷವಾಯಿತು."

ಹಾಗೆಂದು ದನಿ ಒಡೆದವರೆಲ್ಲ ಹೆದರಬೇಕಾಗಿಲ್ಲ. ಕೂಗಿ ಕೂಗಿ ಎದ್ದ ಸಣ್ಣ ಗಂಟು, ಹುಳಿತೇಗಿನ ಉರಿ, ಥೈರಾಯಿಡ್‌ನ ಏರುಪೇರು, ಕಾರಣಗಳು ಹಲವು, ಬಹುಪಾಲು ಸಾಧುವಾದವೇ. ಯಾವುದೆಂದು ದನಿ ಕೇಳಿ ನಾನೂ ಹೇಳಲಾರೆ, ಇಣುಕಿಯೇ ನೋಡಬೇಕು. ಮೂರು ವಾರ ಕಳೆದರೂ ದನಿ ತಿಳಿಯಾಗದಿದ್ದರೆ ತೋರಿಸಿ. ಬೀಡಿ, ಸಿಗರೇಟಿನವರು, ಕತ್ತಿನಲ್ಲಿ ಗಂಟು ಸಿಕ್ಕವರು, ನುಂಗಲು ಕಷ್ಟವಾಗುವವರು, ಕಫದಲ್ಲಿ ರಕ್ತ ಕಂಡವರು ಅಷ್ಟೂ ಕಾಯಬೇಡಿ. ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಇನ್ನು, ದನಿಗೆ ವಿಶ್ರಾಂತಿ ಎಂದರೆ ಪಿಸುಮಾತಲ್ಲ; ಒತ್ತಿ ಪಿಸುಗುಟ್ಟಿದರೆ ಹಲವರಲ್ಲಿ ಆಯಾಸ ಹೆಚ್ಚುತ್ತದೆ. ಸುಮ್ಮನಿರುವುದು ಎಂದರೆ ಸುಮ್ಮನಿರುವುದು.

ತೋರಿಸಲು ಬಂದವರೂ ಕೆಲವೊಮ್ಮೆ ಜಗಳಕ್ಕೆ ನಿಲ್ಲುತ್ತಾರೆ. ಹಿಂದೊಮ್ಮೆ ಮೂವತ್ತರ ಹೆಣ್ಣುಮಗಳೊಬ್ಬಳ ಎಡ ಧ್ವನಿತಂತು ಅಲ್ಲಾಡದೆ ನಿಂತಿತ್ತು. ಎದೆಯ ಎಕ್ಸ್‌ರೇ ಬರೆದುಕೊಟ್ಟೆ. ಅವಳ ಅಣ್ಣ ಸಿಡಿದ: "ಗಂಟಲಿಗೆಂದು ಬಂದರೆ ಎದೆಯ ಫೋಟೋ ಯಾಕೆ ಸಾರ್? ಕಮಿಷನ್ ಎಷ್ಟು?" ಅವನನ್ನು ಕೂರಿಸಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದೆ. ಧ್ವನಿತಂತುಗಳನ್ನು ಆಡಿಸುವ ನರ ಮಿದುಳಿನಿಂದ ನೆಟ್ಟಗೆ ಬರುವುದಿಲ್ಲ. ಕತ್ತನ್ನು ದಾಟಿ ಕೆಳಗಿಳಿದು, ಬಲಗಡೆಯದು ಕೈಗೆ ಹೋಗುವ ರಕ್ತನಾಳವನ್ನು ಬಳಸಿ ಹಿಂತಿರುಗುತ್ತದೆ. ಎಡಗಡೆಯದು ಎದೆಯೊಳಗೇ ಹೋಗಿ, ಹೃದಯದಿಂದ ಹೊರಡುವ ಮಹಾಧಮನಿಯ ಅಡಿಯಲ್ಲಿ ನುಸುಳಿ ಮತ್ತೆ ಮೇಲೇರುತ್ತದೆ. ಮನೆ ಮುಂದಿನ ಅಂಗಡಿಗೆ ಹೋಗಲು ಊರು ಸುತ್ತಿ ಬಂದಂತೆ. ಆ ಸುತ್ತಿನಲ್ಲಿ ಎಲ್ಲಿ ಒತ್ತಿದರೂ ದನಿ ಬೀಳುತ್ತದೆ. ಅವಳಿಗೆ ಚಿಕ್ಕಂದಿನ ಕೀಲುವಾತಜ್ವರದಿಂದ ಹೃದಯದ ಕವಾಟವೊಂದು ಕಿರಿದಾಗಿ, ಹೃದಯದ ಮೇಲಿನ ಕೋಣೆ ಹಿಗ್ಗಿ ನರ ಅದುಮಿಹೋಗಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ; ರಕ್ತ ಕಡಿಮೆ ಎಂದುಕೊಂಡಿದ್ದಳು. ಅಣ್ಣ ಆಮೇಲೆ ಒಂದು ಗೊನೆ ಬಾಳೆಹಣ್ಣು ತಂದು ಕೊಟ್ಟು, ಏನೂ ಹೇಳದೆ ಹೋದ.

ಮೇಷ್ಟ್ರ ರಾಗಿ ಕಾಳಿನ ಚೂರನ್ನು ಪರೀಕ್ಷೆಗೆ ಕಳುಹಿಸಿದೆ. ಕ್ಯಾನ್ಸರೇ. ಆದರೆ ತಂತುವಿನ ಆಚೆಗೆ ಹಬ್ಬಿರಲಿಲ್ಲ. ಧ್ವನಿತಂತುವಿನ ಅಂಚಿನಲ್ಲಿ ಹಾಲುರಸದ (ಲಿಂಫ್) ನಾಳಗಳು ತೀರಾ ವಿರಳ, ಹಾಗಾಗಿ ಅಲ್ಲಿನ ರೋಗ ಕತ್ತಿನ ಗ್ರಂಥಿಗಳಿಗೆ ಬೇಗ ಹರಡುವುದಿಲ್ಲ. ಅದು ಮೇಷ್ಟ್ರ ಪುಣ್ಯ, ಕಾಳುಮೆಣಸಿನ ಪ್ರಭಾವವಲ್ಲ. ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು, ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ ಚಿಕಿತ್ಸೆ ತೆಗೆದುಕೊಂಡರು.

ಕಳೆದ ತಿಂಗಳು ತಪಾಸಣೆಗೆ ಬಂದಿದ್ದರು. ದನಿ ಮೊದಲಿನಷ್ಟು ತುಂಬಿಲ್ಲ, ಆದರೆ ಕೊನೆಯ ಬೆಂಚಿಗೆ ಕೇಳಿಸುವಷ್ಟಿದೆ. ಕನ್ನಡಿಯಲ್ಲಿ ಎರಡು ಅಂಚುಗಳೂ ನಯವಾಗಿದ್ದವು. ನಾನು ಬರೆದುಕೊಳ್ಳುತ್ತಿರುವಾಗ ಡಬ್ಬಿಯ ಮುಚ್ಚಳ ಟಕ್ಕೆಂದಿತು. ತಲೆಯೆತ್ತಿದೆ.

"ಇದು ಎಲ್ಲಿಗೂ ಮುಟ್ಟುವುದಿಲ್ಲ ಎಂದು ಗೊತ್ತು ಡಾಕ್ಟರೇ, ಅಭ್ಯಾಸ" ಎಂದು ಡಬ್ಬಿಯನ್ನು ನನ್ನತ್ತ ಸರಿಸಿದರು. "ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ನಿಮ್ಮ ಸ್ವರವೂ ಯಾಕೋ ಬಿದ್ದಂತಿದೆ. ಒಂದು ತೆಗೆದುಕೊಳ್ಳಿ."

ಕಲ್ಲುಸಕ್ಕರೆಯ ತುಂಡೊಂದನ್ನು ಆರಿಸಿಕೊಂಡೆ.