ತೋರಣದ ಎಲೆ ಯಾಕೆ ಹಳದಿಯಾಗಲ್ಲ?

ಪ್ರಶ್ನೆ: ಹಬ್ಬಕ್ಕೆ ಕಟ್ಟಿದ ಮಾವಿನ ತೋರಣ ಮಂಕು ಹಸಿರಾಗಿಯೇ ಒಣಗಿ ಸುರುಟಿಕೊಳ್ಳುತ್ತದೆ. ಮರದಲ್ಲಿರುವ ಹಳೆ ಎಲೆ ಮಾತ್ರ ಹಳದಿಯಾಗಿ ಉದುರುತ್ತದೆ. ಎರಡೂ ಸಾಯುವುದೇ ತಾನೇ? ಬಣ್ಣ ಯಾಕೆ ಬೇರೆ?

ಉತ್ತರ: ತೋರಣದ ಎಲೆಗೆ ನೆಟ್ಟಗೆ ಸಾಯಲು ಪುರುಸೊತ್ತು ಸಿಗಲಿಲ್ಲ, ಅಷ್ಟೇ. ತಮಾಷೆಗೆ ಹೇಳಿದ್ದಲ್ಲ. ಮರದ ಮೇಲಿನ ಎಲೆ ಹಣ್ಣಾಗುವುದು ಕೊಳೆಯುವುದಲ್ಲ. ಅದು ಜೀವ ಇರುವ ಕೋಶಗಳು ಮಾಡುವ ಕೆಲಸ. ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ, ಬೆಲೆಬಾಳುವ ಸಾಮಾನನ್ನು ಮೊದಲು ಸಾಗಿಸಬೇಕು.

ಆ ಸಾಮಾನಿನಲ್ಲಿ ಮುಖ್ಯವಾದದ್ದು ಸಾರಜನಕ. ಭತ್ತದಂಥ ಗಿಡದ ಎಲೆಯಲ್ಲಿ ಅದರ ಸುಮಾರು ಶೇ. 75ರಷ್ಟು ಇರುವುದು ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಲ್ಲಿ. ಅದರಲ್ಲೂ ರುಬಿಸ್ಕೋ ಎಂಬ ಒಂದೇ ಪ್ರೋಟೀನಿನಲ್ಲಿ ದೊಡ್ಡ ಪಾಲು. ವಯಸ್ಸಾದ ಎಲೆ ಮೊದಲು ಬಿಚ್ಚುವುದು ಇದನ್ನೇ. ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆದು, ಎಲೆಯ ನರಗಳ ಮೂಲಕ ಚಿಗುರಿಗೋ ಕಾಳಿಗೋ ಹೊರಡುತ್ತದೆ. ರಂಜಕ, ಪೊಟ್ಯಾಷಿಯಂ ಕೂಡ ಹೊರಡುತ್ತವೆ. ಕ್ಯಾಲ್ಸಿಯಂ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ಹಣ್ಣೆಲೆಯ ನರಗಳ ಪಕ್ಕದಲ್ಲಿ ಹಸಿರು ಕೊನೆಯವರೆಗೆ ಉಳಿದಿರುವುದನ್ನು ನೋಡಿರಬಹುದು. ಸಾಗಣೆ ಮುಗಿಯುವ ತನಕ ದಾರಿ ಬೇಕಲ್ಲ.

ಹಸಿರು ಬಣ್ಣದ ಕಥೆ ಸ್ವಲ್ಪ ವಿಚಿತ್ರ. ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನೊಳಗೂ ಸಾರಜನಕವಿದೆ, ಆದರೆ ಗಿಡ ಅದನ್ನು ವಾಪಸ್ ಪಡೆಯುವುದಿಲ್ಲ. ಆದರೂ ಒಡೆಯಲೇಬೇಕು. ಗಿಡಕ್ಕೆ ಬೇಕಾದ್ದು ಅದಕ್ಕೆ ಅಂಟಿಕೊಂಡ ಪ್ರೋಟೀನು. ಅದನ್ನು ಕಿತ್ತು ಪತ್ರಹರಿತ್ತನ್ನು ಸುಮ್ನೆ ಬಿಟ್ಟರೆ, ಬೆಳಕು ಬಿದ್ದಾಗ ಕೋಶಕ್ಕೇ ವಿಷವಾಗುತ್ತದೆ. ಹಾಗಾಗಿ ಕೋಶ ಅದರ ಮೆಗ್ನೀಷಿಯಂ ತೆಗೆಯುತ್ತದೆ, ಅದರ ಅಣುವಿನ ಉಂಗುರ ಮುರಿಯುತ್ತದೆ, ಬಣ್ಣವಿಲ್ಲದ ಚೂರುಗಳನ್ನು ತನ್ನೊಳಗಿನ ರಸದ ಚೀಲಕ್ಕೆ ತುಂಬುತ್ತದೆ. ಹಸಿರು ಹೋದ ಮೇಲೆ, ಮೊದಲಿನಿಂದಲೂ ಇದ್ದ ಹಳದಿ ಕಾಣುತ್ತದೆ.

ಇಷ್ಟಕ್ಕೆಲ್ಲ ಶಕ್ತಿ ಬೇಕು. ಅದಕ್ಕೇ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ, ಕೋಶದ ಕೆಲಸ ನಡೆಸುವ ನ್ಯೂಕ್ಲಿಯಸ್ ಕಡೆಯವರೆಗೂ ಇರುತ್ತವೆ. ಕೊನೆಗೆ ರಸದ ಚೀಲ ಒಡೆದು ಕೋಶ ಸಾಯುತ್ತದೆ. ಅಷ್ಟರಲ್ಲಿ ತೊಟ್ಟಿನ ಬುಡದ ಕೋಶಗಳ ನಡುವಿನ ಅಂಟು ಕರಗಿರುತ್ತದೆ. ಒಂದು ಗಾಳಿ ಬೀಸಿದರೆ ಸಾಕು.

ತೋರಣದ ಎಲೆಗೆ ನೀರೇ ಇಲ್ಲ. ಕೆಲಸ ಮುಗಿಯುವ ಮೊದಲೇ ಕೋಶಗಳು ಒಣಗಿ ಸತ್ತವು. ಇನ್ನು ಪತ್ರಹರಿತ್ತನ್ನು ಒಡೆಯುವವರು ಯಾರು? ಮಳೆಗಾಳಿಗೆ ಮುರಿದ ಕೊಂಬೆಯಲ್ಲೂ ಇದೇ ಕಥೆ. ಅದರ ಎಲೆಗಳು ಒಣಗಿ ಗರಿಗರಿಯಾದರೂ ಉದುರದೆ ಜೋತಾಡುತ್ತಿರುತ್ತವೆ. ತೊಟ್ಟು ಬಿಡಿಸಬೇಕಾದ ಕೋಶಗಳೂ ಸತ್ತಿವೆ.

ಹಾಗಾದರೆ ಕಿತ್ತು ತಂದ ಕೊತ್ತಂಬರಿ ಸೊಪ್ಪು ಹಳದಿಯಾಗುತ್ತೆ ಅಲ್ವಾ? ಆಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೀರಿ, ಇನ್ನೂ ಜೀವ ಇದೆ. ಜೊತೆಗೆ ಕತ್ತಲು, ಬೆಳಕಿಲ್ಲದ ಎಲೆಗೆ ಬೇಗ ಮುಪ್ಪು. ಪಾಪ, ಸಾಮಾನು ಕಟ್ಟಲು ಶುರು ಮಾಡಿರುತ್ತದೆ. ಕಳಿಸೋಣವೆಂದರೆ ಗಿಡವೇ ಇಲ್ಲ.