ಲೆಂಡರ್ ಪ್ಯಾನಲ್ ಅಂದ್ರೆ ಏನು? ಇಂಗ್ಲೆಂಡಲ್ಲಿ ಮನೆ ತಗೊಳ್ಳೋರು ಸಾಲಿಸಿಟರ್ ಗೊತ್ತು ಮಾಡೋ ಮುಂಚೆ ಇದನ್ನ ಓದಿ

ಇಂಗ್ಲೆಂಡ್ ಅಥವಾ ವೇಲ್ಸಲ್ಲಿ ಮನೆ ನೋಡಿ, ರೇಟು ಮಾತಾಡಿ, ಮಾರೋರು ಹೂಂ ಅಂದ ತಕ್ಷಣ ಎಸ್ಟೇಟ್ ಏಜೆಂಟ್ ಕೇಳೋದು "ನಿಮ್ಮ ಸಾಲಿಸಿಟರ್ ಯಾರು?" ಅಂತ, ಅಂದ್ರೆ ಖರೀದಿಯ ಕಾನೂನು ಕೆಲಸ ನೋಡ್ಕೊಳ್ಳೋ ಲಾಯರು ಯಾರು ಅಂತ. ಮನೆ ಕೈತಪ್ಪಿಬಿಟ್ರೆ ಅನ್ನೋ ಗಾಬರೀಲಿ ನಾವು ಯಾರೋ ಫ್ರೆಂಡ್ ಹೇಳಿದ್ದೋ, ಎಲ್ಲಕ್ಕಿಂತ ಕಮ್ಮಿ ಕೋಟ್ ಕೊಟ್ಟಿದ್ದೋ ಒಂದು ಹೆಸರು ಕೊಟ್ಟುಬಿಡ್ತೀವಿ. ಆ ಫರ್ಮು ನಿಮಗೆ ಸಾಲ ಕೊಡೋ ಬ್ಯಾಂಕಿನ ಪ್ಯಾನಲ್‌ನಲ್ಲಿ ಇದ್ಯಾ ಅಂತ ಆ ಹೊತ್ತಲ್ಲಿ ಕೇಳೋರು ತುಂಬಾ ಕಮ್ಮಿ, ಆದ್ರೆ ಮಾರ್ಟ್‌ಗೇಜ್ (ಮನೆ ಅಡ ಇಟ್ಟು ತಗೊಳ್ಳೋ ಸಾಲ) ತಗೊಳ್ಳೋರು ಮೊಟ್ಟಮೊದಲು ಕೇಳ್ಬೇಕಾಗಿರೋದೇ ಅದು.

ಪ್ಯಾನಲ್ ಅಂದ್ರೆ ಪಟ್ಟಿ, ಅಷ್ಟೇ. ಈ ಈ ಫರ್ಮುಗಳು ನಮ್ಮ ಪರವಾಗಿ ಕನ್ವೇಯನ್ಸಿಂಗ್ ಮಾಡಬಹುದು ಅಂತ ಪ್ರತಿಯೊಂದು ಬ್ಯಾಂಕು, ಬಿಲ್ಡಿಂಗ್ ಸೊಸೈಟಿ (ಸದಸ್ಯರದ್ದೇ ಆದ, ಮನೆ ಸಾಲ ಕೊಡೋ ಸಂಸ್ಥೆ) ತನ್ನದೇ ಒಂದು ಪಟ್ಟಿ ಇಟ್ಕೊಂಡಿರತ್ತೆ. ಕನ್ವೇಯನ್ಸಿಂಗ್ ಅಂದ್ರೆ ಮನೆ ಮಾರೋರ ಹೆಸರಿಂದ ಕೊಳ್ಳೋರ ಹೆಸರಿಗೆ ಬರೋವರೆಗಿನ ಕಾನೂನು ಕೆಲಸ ಪೂರ್ತಿ, ಟೈಟಲ್ (ಮಾಲೀಕತ್ವದ ಹಕ್ಕು) ನೋಡೋದು, ಕೌನ್ಸಿಲ್ ಸರ್ಚ್ (ಸ್ಥಳೀಯ ಆಡಳಿತದ ದಾಖಲೆ ಹುಡುಕಿ ನೋಡೋದು), ನೀರು-ಡ್ರೈನೇಜ್ ಸರ್ಚ್, ಎನ್ವಿರಾನ್ಮೆಂಟ್ ಸರ್ಚ್, ಆಮೇಲೆ ಎಕ್ಸ್‌ಚೇಂಜ್ (ಇಬ್ಬರೂ ಕರಾರಿಗೆ ಬದ್ಧರಾಗೋದು), ಕಂಪ್ಲೀಶನ್ (ದುಡ್ಡು ಕೊಟ್ಟು ಕೀಲಿ ತಗೊಳ್ಳೋದು), ಸ್ಟ್ಯಾಂಪ್ ಡ್ಯೂಟಿ (ವೇಲ್ಸಲ್ಲಾದ್ರೆ ಲ್ಯಾಂಡ್ ಟ್ರಾನ್ಸಾಕ್ಷನ್ ಟ್ಯಾಕ್ಸ್), ಕೊನೆಗೆ ಲ್ಯಾಂಡ್ ರಿಜಿಸ್ಟ್ರೀಲಿ ನೋಂದಣಿ. ಇದನ್ನ ಸಾಲಿಸಿಟರ್ ಮಾಡಬಹುದು, ಲೈಸೆನ್ಸ್ಡ್ ಕನ್ವೇಯನ್ಸರ್ (ಈ ಕೆಲಸಕ್ಕೇ ಅಂತ ಲೈಸೆನ್ಸ್ ಪಡೆದೋರು) ಕೂಡ ಮಾಡಬಹುದು, ಇಬ್ಬರೂ ಕಾನೂನುಬದ್ಧವಾಗಿ ಸರಿನೇ. ಆದ್ರೆ ಲೈಸೆನ್ಸ್ ಇರೋ ಎಲ್ಲರೂ ಎಲ್ಲಾ ಬ್ಯಾಂಕಿನ ಪ್ಯಾನಲ್‌ನಲ್ಲೂ ಇರಲ್ಲ.

ಬೆಂಗಳೂರಲ್ಲಿ ಹೋಮ್ ಲೋನ್ ತಗೊಂಡೋರಿಗೆ ಬ್ಯಾಂಕಿನ ಪ್ಯಾನಲ್ ಅಡ್ವೊಕೇಟ್ ಗೊತ್ತಿರ್ತಾರೆ. ಮದರ್ ಡೀಡ್, ಇಸಿ, ಖಾತೆ ಎಲ್ಲಾ ನೋಡಿ ಬ್ಯಾಂಕಿಗೆ ಲೀಗಲ್ ಒಪೀನಿಯನ್ ಕೊಡ್ತಾರೆ, ಅವರು ಬ್ಯಾಂಕಿನ ಲಾಯರು, ನಿಮಗೆ ಬೇಕಿದ್ರೆ ನೀವು ಬೇರೆ ಲಾಯರ್ ಇಟ್ಕೋಬೇಕು. ಅದೇ ಲೆಕ್ಕ ಇಲ್ಲಿಗೂ ಹಾಕಿದ್ರೆ ತಪ್ಪಾಗತ್ತೆ. ಇಂಗ್ಲೆಂಡಲ್ಲಿ ಸಾಮಾನ್ಯ ಮನೆ ಖರೀದೀಲಿ ನೀವು ಆರಿಸಿದ ಫರ್ಮೇ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡತ್ತೆ, ಒಂದೇ ಫೈಲು, ಇಬ್ಬರು ಕ್ಲೈಂಟು. ಹಂಗಾಗಿ ನಿಮ್ಮ ಸಾಲಿಸಿಟರ್ ಯಾರು ಅನ್ನೋದ್ರಲ್ಲಿ ಬ್ಯಾಂಕಿಗೂ ಒಂದು ಮಾತಿದೆ.

ಬ್ಯಾಂಕ್ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ಳತ್ತೆ ಅಂದ್ರೆ, ಸಾಲದ ದುಡ್ಡು ನಿಮ್ಮ ಅಕೌಂಟಿಗೆ ಬರೋದೇ ಇಲ್ಲ. ಸಾಲಿಸಿಟರ್ ಎಲ್ಲಾ ಚೆಕ್ ಮಾಡಿ "ಟೈಟಲ್ ಸರಿಯಾಗಿದೆ, ದುಡ್ಡು ಬಿಡಬಹುದು" ಅಂತ ಸರ್ಟಿಫಿಕೇಟ್ ಆಫ್ ಟೈಟಲ್ ಕಳಿಸಿದ ಮೇಲೆ ಬ್ಯಾಂಕು ಆ ಲಕ್ಷಾಂತರ ಪೌಂಡನ್ನ ಆ ಫರ್ಮಿನ ಕ್ಲೈಂಟ್ ಅಕೌಂಟಿಗೆ (ಗಿರಾಕಿಗಳ ದುಡ್ಡು ಇಡೋ ಖಾತೆ) ಹಾಕತ್ತೆ, ಅಲ್ಲಿಂದ ಅದು ಮಾರೋರ ಸಾಲಿಸಿಟರ್‌ಗೆ ಹೋಗತ್ತೆ. ನಡುವೆ ಆ ಫರ್ಮು ಮೋಸ ಮಾಡಿದ್ರೆ, ಅಥವಾ ಬ್ಯಾಂಕಿನ ಚಾರ್ಜನ್ನ (ಮನೆ ಮೇಲಿನ ಅಡಮಾನದ ಹಕ್ಕು) ಲ್ಯಾಂಡ್ ರಿಜಿಸ್ಟ್ರೀಲಿ ಸರಿಯಾಗಿ ರಿಜಿಸ್ಟರ್ ಮಾಡದೇ ಇದ್ರೆ, ಬ್ಯಾಂಕಿನ ಅಡಮಾನನೇ ಅಪಾಯಕ್ಕೆ ಸಿಕ್ಕತ್ತೆ. 2008ರ ಕುಸಿತ ಆದ್ಮೇಲೆ ಮಾರ್ಟ್‌ಗೇಜ್ ವಂಚನೆಗಳು ಹೊರಗೆ ಬಂದು ಬ್ಯಾಂಕುಗಳು ಪಟ್ಟಿ ಬಿಗಿ ಮಾಡೋಕೆ ಶುರು ಮಾಡಿದ್ವು. 2012ರಲ್ಲಿ ಎಚ್‌ಎಸ್‌ಬಿಸಿ ತನ್ನ ಪ್ಯಾನಲ್ಲನ್ನ ಬರೀ 43 ಫರ್ಮುಗಳಿಗೆ ಇಳಿಸಿತ್ತು, ಅದಕ್ಕೆ ಭಾರಿ ವಿರೋಧ ಬಂದು ಆಮೇಲೆ ಮತ್ತೆ ಅಗಲ ಮಾಡ್ತು.

ಪ್ಯಾನಲ್‌ಗೆ ಸೇರೋಕೆ ಏನು ನೋಡ್ತಾರೆ ಅನ್ನೋದು ಬ್ಯಾಂಕಿಂದ ಬ್ಯಾಂಕಿಗೆ ಬೇರೆ. ಸಾಲಿಸಿಟರ್ ಫರ್ಮುಗಳಾದ್ರೆ ಅವರ ಸಂಘವಾದ ಲಾ ಸೊಸೈಟಿಯ ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮ್ ಅಂತ ಒಂದಿದೆ, ಎಲ್ರೂ ಸಿಕ್ಯೂಎಸ್ ಅಂತಾರೆ, ತುಂಬಾ ಬ್ಯಾಂಕುಗಳು ಅದು ಇರ್ಲೇಬೇಕು ಅಂತಾವೆ. ಇನ್ಶೂರೆನ್ಸ್ ಎಷ್ಟಿದೆ, ಒಬ್ಬರೇ ನಡೆಸೋ ಫರ್ಮಾ, ಹಿಂದೆ ಏನಾದ್ರೂ ಶಿಸ್ತುಕ್ರಮ ಆಗಿದ್ಯಾ ಅಂತೆಲ್ಲಾ ನೋಡೋದುಂಟು. ಒಳಗೆ ಬಂದ ಮೇಲೆ ಸಾಮಾನ್ಯವಾಗಿ ಬ್ಯಾಂಕುಗಳ ಸಂಘವಾದ ಯುಕೆ ಫೈನಾನ್ಸ್‌ನ ಲೆಂಡರ್ಸ್ ಹ್ಯಾಂಡ್‌ಬುಕ್ ಪ್ರಕಾರ ನಡ್ಕೋಬೇಕು, ಅದರ ಮೊದಲ ಭಾಗ ಎಲ್ಲರಿಗೂ ಒಂದೇ, ಎರಡನೇ ಭಾಗದಲ್ಲಿ ಒಂದೊಂದು ಬ್ಯಾಂಕಿನ ಸ್ವಂತ ನಿಯಮ ಇರತ್ತೆ. ಫ್ಲ್ಯಾಟಿನ ಲೀಸ್ (ಫ್ಲ್ಯಾಟ್ ಇಟ್ಕೊಳ್ಳೋ ಹಕ್ಕಿನ ಅವಧಿ) ಇನ್ನೂ ಎಷ್ಟು ವರ್ಷ ಉಳಿದಿರ್ಬೇಕು, ಗ್ರೌಂಡ್ ರೆಂಟ್ (ಜಾಗದ ಮಾಲೀಕರಿಗೆ ಕೊಡೋ ಬಾಡಿಗೆ) ಎಂಥದ್ದಾದ್ರೆ ಒಪ್ಪಲ್ಲ ಅನ್ನೋದೆಲ್ಲ ಅಲ್ಲೇ. ಇದು ಇಂಟರ್ನೆಟ್ಟಲ್ಲಿ ಯಾರು ಬೇಕಾದ್ರೂ ಓದಬಹುದು, ಫ್ಲ್ಯಾಟ್ ತಗೊಳ್ಳೋರು ಒಮ್ಮೆ ತೆಗೆದು ನೋಡಿ ಅಂತ ನಾನು ಒತ್ತಿ ಹೇಳ್ತೀನಿ.

ಈಗ ನಮ್ಮವರಿಗೆ ಮುಖ್ಯವಾದ ವಿಷಯ. ಡೆಪಾಸಿಟ್ಟಿಗೆ ಊರಿಂದ ಅಪ್ಪ-ಅಮ್ಮ ದುಡ್ಡು ಕಳಿಸ್ತಾರೆ, ಮೈಸೂರಲ್ಲಿದ್ದ ಸೈಟ್ ಮಾರಿದ್ದೋ, ರಿಟೈರ್ಮೆಂಟ್ ದುಡ್ಡೋ. ಸಾಲಿಸಿಟರ್ "ಇದು ಎಲ್ಲಿಂದ ಬಂತು?" ಅಂತ ಕೇಳ್ತಾರೆ, ಅಪ್ಪನ ಪಾಸ್‌ಪೋರ್ಟು, ಅವರ ಬ್ಯಾಂಕ್ ಸ್ಟೇಟ್‌ಮೆಂಟು, ಸೇಲ್ ಡೀಡು, ಅದು ಕನ್ನಡದಲ್ಲಿದ್ರೆ ಅನುವಾದ, ಜೊತೆಗೆ ಇದು ಗಿಫ್ಟು, ವಾಪಸ್ ಕೇಳಲ್ಲ, ಮನೇಲಿ ನನಗೆ ಪಾಲು ಬೇಡ ಅಂತ ಪತ್ರ. ತುಂಬಾ ಜನಕ್ಕೆ ಇಲ್ಲಿ ಸಿಟ್ಟು ಬರತ್ತೆ, ನಾನು ದುಡ್ಡು ಕೊಟ್ಟು ಇಟ್ಕೊಂಡ ಲಾಯರು ನನ್ನನ್ನೇ ಕಳ್ಳನ ಥರ ನೋಡ್ತಾರಲ್ಲ ಅಂತ. ಮನಿ ಲಾಂಡರಿಂಗ್ ಕಾನೂನು ಒಂದು ಕಾರಣ, ಇನ್ನೊಂದು ಕಾರಣ ಬ್ಯಾಂಕೂ ಅವರ ಕ್ಲೈಂಟೇ ಅನ್ನೋದು. ಸ್ವಂತ ಉಳಿತಾಯ ಅಂತ ಮಾರ್ಟ್‌ಗೇಜ್ ಅರ್ಜೀಲಿ ಬರೆದು ಆಮೇಲೆ ಊರಿಂದ ದುಡ್ಡು ಬಂದ್ರೆ ಅವರು ಅದನ್ನ ಬ್ಯಾಂಕಿಗೆ ತಿಳಿಸ್ಲೇಬೇಕು, ನೀವು ಬೇಡ ಅಂದ್ರೆ ಬ್ಯಾಂಕಿನ ಪರ ಕೆಲಸ ಮುಂದುವರಿಸೋಕೇ ಆಗಲ್ಲ. ಅದಕ್ಕೇ ಗಿಫ್ಟ್ ವಿಷಯ ಮಾರ್ಟ್‌ಗೇಜ್ ಬ್ರೋಕರ್‌ಗೆ (ಸಾಲ ಹುಡುಕಿ ಕೊಡೋರು) ಅರ್ಜಿ ಹಾಕೋ ದಿನನೇ ಹೇಳಿ. ಊರಿಂದ ಕಳಿಸೋಕೂ ಮಿತಿ ಇದೆ, ಆರ್‌ಬಿಐನ ಎಲ್‌ಆರ್‌ಎಸ್ (ವಿದೇಶಕ್ಕೆ ದುಡ್ಡು ಕಳಿಸೋ ನಿಯಮ) ಪ್ರಕಾರ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ, ಬ್ಯಾಂಕಿನ ಫಾರಂ-ಪೇಪರ್ ಕೆಲಸಕ್ಕೇ ಟೈಮ್ ಹಿಡಿಯತ್ತೆ.

ನಿಮ್ಮ ಫರ್ಮು ಪ್ಯಾನಲ್‌ನಲ್ಲಿ ಇಲ್ಲ ಅಂತ ಅರ್ಧ ದಾರೀಲಿ ಗೊತ್ತಾದ್ರೆ? ಫರ್ಮು ಬದಲಾಯಿಸಬೇಕು, ಅಲ್ಲಿವರೆಗೆ ಮಾಡಿದ ಕೆಲಸಕ್ಕೆ ಬಿಲ್ ಬರಬಹುದು. ಇಲ್ಲಾಂದ್ರೆ ಬ್ಯಾಂಕು ತನಗೆ ಅಂತ ಬೇರೆ ಸಾಲಿಸಿಟರ್ ಇಡತ್ತೆ, ಅವರ ಫೀಸೂ ಸಾಮಾನ್ಯವಾಗಿ ನಿಮ್ಮ ತಲೆ ಮೇಲೆ, ಎರಡು ಆಫೀಸ್ ನಡುವೆ ಕಾಗದ ಓಡಾಡೋಕೆ ವಾರಗಳು ಎಳೆಯತ್ತೆ, ಮಾರ್ಟ್‌ಗೇಜ್ ಆಫರಿನ ಅವಧಿ ಮುಗೀತಾ ಬರತ್ತೆ, ಮಾರೋರಿಗೆ ತಾಳ್ಮೆ ಹೋಗತ್ತೆ. ಬ್ಯಾಂಕನ್ನೇ ಬದಲಾಯಿಸೋದು ಇನ್ನೂ ದೊಡ್ಡ ತಲೆನೋವು, ಮತ್ತೆ ಕ್ರೆಡಿಟ್ ಚೆಕ್ಕು, ಮತ್ತೆ ವ್ಯಾಲ್ಯುಯೇಶನ್ನು.

ಅದಕ್ಕೇ ಸರ್ಚ್ ಫೀಸು ಅಂತ ಮೊದಲ ದುಡ್ಡು ಕಟ್ಟೋಕೆ ಮುಂಚೆ ಫರ್ಮಿಗೆ ಇಮೇಲ್‌ನಲ್ಲಿ, ಫೋನಲ್ಲಿ ಬೇಡ, ಹೀಗೆ ಕೇಳಿ: "ನಾನು ಇಂಥ ಬ್ಯಾಂಕಿಂದ ಸಾಲ ತಗೋತಿದೀನಿ, ಇವತ್ತಿಗೆ ನೀವು ಅವರ ಪ್ಯಾನಲ್‌ನಲ್ಲಿ ಇದ್ದೀರಾ, ಇಬ್ಬರ ಪರವಾಗಿಯೂ ನೀವೇ ಆಕ್ಟ್ ಮಾಡ್ತೀರಾ, ಬ್ಯಾಂಕಿನ ಕೆಲಸಕ್ಕೆ ಬೇರೆ ಫೀಸ್ ಇದ್ಯಾ?" ಬ್ಯಾಂಕಿನ ಹೆಸರು ಅರ್ಜೀಲಿ ಇರೋ ಹಾಗೇ ಪೂರ್ತಿ ಬರೀರಿ. "ಎಲ್ಲಾ ದೊಡ್ಡ ಬ್ಯಾಂಕಿನ ಪ್ಯಾನಲ್‌ನಲ್ಲೂ ಇದೀವಿ" ಅನ್ನೋ ಉತ್ತರ ಸಾಲದು. ಬ್ರೋಕರ್ ಹತ್ರ, ಬ್ಯಾಂಕಿನ ಹತ್ರನೂ ಕೇಳಿ ಖಾತ್ರಿ ಮಾಡ್ಕೊಳ್ಳಿ. ಯಾವ ಬ್ಯಾಂಕು ಅಂತ ಇನ್ನೂ ಗೊತ್ತಿಲ್ಲ ಅಂದ್ರೆ ಜಾಸ್ತಿ ಪ್ಯಾನಲ್‌ಗಳಲ್ಲಿರೋ ಫರ್ಮನ್ನೇ ನೋಡೋದು ಒಳ್ಳೇದು. ಎಸ್ಟೇಟ್ ಏಜೆಂಟ್ ತಮ್ಮ ಕಡೆ ಫರ್ಮನ್ನೇ ತಗೊಳ್ಳಿ ಅಂತ ಒತ್ತಾಯ ಮಾಡಿದ್ರೆ ಒಪ್ಪಲೇಬೇಕಂತ ಏನಿಲ್ಲ, ಅದರಲ್ಲಿ ಅವರಿಗೆ ರೆಫರಲ್ ಫೀ ಇರಬಹುದು, ಎಷ್ಟು ಅಂತ ಕೇಳೋ ಹಕ್ಕು ನಿಮಗಿದೆ.

ಇನ್ನೊಂದು, ಪ್ಯಾನಲ್‌ನಲ್ಲಿದ್ದಾರೆ ಅಂದ ಮಾತ್ರಕ್ಕೆ ನಿಮ್ಮ ಕೆಲಸ ಚುರುಕಾಗಿ ಆಗತ್ತೆ ಅಂತಲ್ಲ. ಬ್ಯಾಂಕು ನೋಡಿರೋದು ತನ್ನ ದುಡ್ಡಿನ ಸುರಕ್ಷತೆ, ನಿಮ್ಮ ಇಮೇಲ್‌ಗೆ ನಾಲ್ಕು ದಿನ ಆದ್ರೂ ಉತ್ತರ ಬರದೇ ಇದ್ರೆ ಅದು ಬ್ಯಾಂಕಿಗೆ ಸಂಬಂಧ ಇಲ್ಲ. ನನ್ನ ಫೈಲ್ ಯಾರು ನೋಡ್ತಾರೆ, ಅವರು ರಜೆ ಹೋದ್ರೆ ಯಾರು, ನೇರ ಫೋನ್ ನಂಬರ್ ಕೊಡ್ತೀರಾ ಅಂತ ನೀವೇ ವಿಚಾರಿಸ್ಬೇಕು.

ರೀಮಾರ್ಟ್‌ಗೇಜ್‌ನಲ್ಲಿ, ಅಂದ್ರೆ ಇರೋ ಮನೆ ಸಾಲನ ಬೇರೆ ಬ್ಯಾಂಕಿಗೆ ಬದಲಾಯಿಸೋದ್ರಲ್ಲಿ, ಈ ತಾಪತ್ರಯ ಕಮ್ಮಿ, ಎಷ್ಟೋ ಬ್ಯಾಂಕು ಫ್ರೀ ಲೀಗಲ್ಸ್ ಅಂತ ತಮ್ಮ ಫರ್ಮನ್ನೇ ಕೊಡ್ತಾವೆ. ಸಾಲ ಇಲ್ದೇ ಪೂರ್ತಿ ಕ್ಯಾಶ್ ಕೊಟ್ಟು ತಗೊಳ್ಳೋರಿಗೆ ಪ್ಯಾನಲ್ ಪ್ರಶ್ನೆನೇ ಬರಲ್ಲ. ಸ್ಕಾಟ್ಲೆಂಡಲ್ಲಿ ಆಸ್ತಿ ಕಾನೂನೇ ಬೇರೆ, ಅಲ್ಲಿ ಮನೆಗೆ ಆಫರ್ ಹಾಕೋದೇ ಸಾಲಿಸಿಟರ್ ಮೂಲಕ, ಹಂಗಾಗಿ ಎಡಿನ್‌ಬರೋ, ಗ್ಲಾಸ್ಗೋ ಕಡೆ ಇರೋರು ಅಲ್ಲಿನ ಸಾಲಿಸಿಟರನ್ನೇ ಹಿಡಿದು ಪ್ಯಾನಲ್ ವಿಷಯನ ಮನೆ ನೋಡೋ ಹಂತದಲ್ಲೇ ಕೇಳಿಟ್ಕೊಳ್ಳಿ.